ಯುದ್ಧನೌಕೆ ನಡೆಸಿದವರು ಕಾಲೇಜು ನಡೆಸಬಲ್ಲರೇ? ಏಳಿಮಲ, ಖಡಕ್‌ವಾಸ್ಲಾ, ನ್ಯೂಪೋರ್ಟ್ ಕುರಿತು ಚರ್ಚೆ

ತುಂಗೆಯ ತೀರ
ಎಲ್ಲರಿಗೂ ನಮಸ್ಕಾರ. 2024ರ ಏಪ್ರಿಲ್ 30ರಂದು ನೌಕಾಪಡೆಯ ಮುಖ್ಯಸ್ಥರಾದ ಅಡ್ಮಿರಲ್ ದಿನೇಶ್ ತ್ರಿಪಾಠಿ ಅವರ ಸೇವಾ ವಿವರ ಓದುತ್ತಿದ್ದೆ. ಕ್ಷಿಪಣಿ ದೋಣಿ ವಿನಾಶ್, ಕಾರ್ವೆಟ್ ಕಿರ್ಚ್, ಫ್ರಿಗೇಟ್ ತ್ರಿಶೂಲ್ ನಡೆಸಿದ್ದಾರೆ, ಪೂರ್ವ ನೌಕಾದಳದ ನೇತೃತ್ವ ವಹಿಸಿದ್ದಾರೆ. ಅದಾದ ಮೇಲೆ 2019ರ ಜೂನ್‌ನಲ್ಲಿ ನೇರವಾಗಿ ಕೇರಳದ ಏಳಿಮಲದ ಭಾರತೀಯ ನೌಕಾ ಅಕಾಡೆಮಿಗೆ ಕಮಾಂಡೆಂಟ್. ಅಲ್ಲಿ ಬಿ.ಟೆಕ್ ಓದಿಸುತ್ತಾರೆ, ಜೆಎನ್‌ಯು ಪದವಿ ಕೊಡುತ್ತದೆ. ನನ್ನ ಪ್ರಶ್ನೆ ಎರಡು. ಒಂದು, ಇಂಜಿನಿಯರಿಂಗ್ ಪದವಿ ಕೊಡುವ ಸಂಸ್ಥೆಗೆ ಪ್ರೊಫೆಸರ್ ಬದಲು ಹಡಗಿನ ಕ್ಯಾಪ್ಟನ್ ಆಗಿದ್ದವರನ್ನೇ ಯಾಕೆ ಕೂರಿಸುತ್ತಾರೆ? ಎರಡು, ಈ ದಾರಿ ಹಿಡಿಯಬೇಕು ಅನ್ನುವ ಅಧಿಕಾರಿ ಯಾವ ಹಂತದಲ್ಲಿ ಏನು ಮಾಡಿಕೊಂಡಿರಬೇಕು? ತಿಳಿದವರು ಬಿಡಿಸಿ ಹೇಳಿ.

ಗಂಗಾವಳಿ
ಮೊದಲ ಪ್ರಶ್ನೆಯಲ್ಲೇ ಒಂದು ತಿದ್ದುಪಡಿ. ಏಳಿಮಲದಲ್ಲಿ ಪಾಠದ ಉಸ್ತುವಾರಿ ಕಮಾಂಡೆಂಟರ ಕೈಯಲ್ಲಿ ನೇರವಾಗಿ ಇಲ್ಲ. ಮೂರು ಹುದ್ದೆ ಬೇರೆ ಬೇರೆ. ಕಮಾಂಡೆಂಟ್ ವೈಸ್ ಅಡ್ಮಿರಲ್ ದರ್ಜೆಯವರು. ಅವರ ಕೆಳಗೆ ಡೆಪ್ಯುಟಿ ಕಮಾಂಡೆಂಟ್ ಹಾಗೂ ಚೀಫ್ ಇನ್‌ಸ್ಟ್ರಕ್ಟರ್, ರಿಯರ್ ಅಡ್ಮಿರಲ್. ಅವರ ಪಕ್ಕದಲ್ಲಿ ಪ್ರಿನ್ಸಿಪಾಲ್, ಅವರೂ ರಿಯರ್ ಅಡ್ಮಿರಲ್. ಸಿಲಬಸ್, ಪರೀಕ್ಷೆ, ಲ್ಯಾಬ್, ಅಧ್ಯಾಪಕರು ಪ್ರಿನ್ಸಿಪಾಲರ ಪಾಲಿಗೆ. ಪೆರೇಡ್, ಈಜು, ದೋಣಿ, ಶಿಸ್ತು ಚೀಫ್ ಇನ್‌ಸ್ಟ್ರಕ್ಟರ್ ಪಾಲಿಗೆ. ಕಮಾಂಡೆಂಟರ ಕೆಲಸ ಈ ಎರಡರ ಜಗಳ ಬಿಡಿಸೋದು. ಖಡಕ್‌ವಾಸ್ಲಾದ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಪ್ರಿನ್ಸಿಪಾಲ್ ಸಮವಸ್ತ್ರದವರೇ ಅಲ್ಲ, ನಾಗರಿಕ ಪ್ರೊಫೆಸರ್.

ಬೆಳವಲ ಮೇಷ್ಟ್ರು
ಜಗಳ ಬಿಡಿಸೋದು ಅಂತ ಒಂದ ಮಾತಿನ್ಯಾಗ ಮುಗಿಸಿಬಿಟ್ರಿ. ಜಗಳ ಯಾತಕ್ಕ ಅನ್ನೋದನ್ನ ಹೇಳ್ರಿ. ಅಲ್ಲೇ ಐತಿ ಎಲ್ಲಾ.

ಗಂಗಾವಳಿ
@ಬೆಳವಲ ಮೇಷ್ಟ್ರು ಸರಿ ಸರ್, ಬಿಡಿಸಿ ಹೇಳುತ್ತೇನೆ. ಜಗಳ ಸಮಯಕ್ಕಾಗಿ. ಕೆಡೆಟ್‌ನ ದಿನ ಬೆಳಕು ಹರಿಯುವ ಮೊದಲೇ ಶುರು. ಮಸ್ಟರ್, ಪಿಟಿ ಅಥವಾ ಡ್ರಿಲ್, ಆಮೇಲೆ ತಿಂಡಿ, ಮಧ್ಯಾಹ್ನದವರೆಗೆ ಕ್ಲಾಸು, ಸಂಜೆ ಆಟ, ರಾತ್ರಿ ಓದಿನ ಅವಧಿ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಆದರೆ ಸೀನಿಯರ್‌ಗಳು ಕೊಡುವ ‘ರಗಡಾ’, ಅಂದರೆ ದೈಹಿಕ ಶಿಕ್ಷೆ, ನಿದ್ದೆಯನ್ನು ತಿನ್ನುತ್ತದೆ. ಮರುದಿನ ಸರ್ಕ್ಯೂಟ್ ಥಿಯರಿ ಕ್ಲಾಸಿನಲ್ಲಿ ಹಿಂದಿನ ಮೂರು ಸಾಲು ತೂಕಡಿಸುತ್ತದೆ. ಟರ್ಮ್ ಪರೀಕ್ಷೆಯಲ್ಲಿ ಫೇಲಾದರೆ ‘ರೆಲಿಗೇಷನ್’, ಅಂದರೆ ಒಂದು ಟರ್ಮ್ ಹಿಂದಕ್ಕೆ, ಆರು ತಿಂಗಳು ಹೋಯಿತು. ಜೊತೆಗಾರರಿಗಿಂತ ಕಿರಿಯನಾಗಿ ಹೊರಬರಬೇಕು, ಆ ಜ್ಯೇಷ್ಠತೆಯ ನಷ್ಟ ಸೇವೆ ಪೂರ್ತಿ ಹಿಂದೆ ಬರುತ್ತದೆ.

ಇಲ್ಲಿ ಕಮಾಂಡೆಂಟ್ ಜೆಎನ್‌ಯು ಸಿಲಬಸ್ಸಿನ ಒಂದು ಸಾಲನ್ನೂ ತಾನಾಗಿ ತಿದ್ದುವಂತಿಲ್ಲ. ಆದರೆ ‘ರಾತ್ರಿ ಇಷ್ಟು ಗಂಟೆಯ ನಂತರ ಯಾವ ಕೆಡೆಟ್ಟೂ ಕೋಣೆಯಿಂದ ಹೊರಗಿರಬಾರದು’ ಅಂತ ಆದೇಶ ಹೊರಡಿಸಬಹುದು, ಡ್ಯೂಟಿ ಆಫೀಸರ್ ರೌಂಡ್ಸ್ ಹಾಕುವಂತೆ ಮಾಡಬಹುದು. ಫಲಿತಾಂಶದ ಮೇಲೆ ಹೊಸ ಲ್ಯಾಬ್‌ಗಿಂತ ಇದರ ಪರಿಣಾಮ ಬೇಗ ಕಾಣುತ್ತದೆ.

ದಿಕ್ಸೂಚಿ
ಇದಕ್ಕೇ ಹಡಗು ನಡೆಸಿದವರು ಬೇಕು ಅನ್ನೋದು. ನಿದ್ದೆಯ ಲೆಕ್ಕ ಅವರಿಗೆ ಬಾಯಿಪಾಠ. ಬ್ರಿಡ್ಜ್, ಅಂದರೆ ಹಡಗು ನಡೆಸುವ ಜಾಗದಲ್ಲಿ, ನಾಲ್ಕು ಗಂಟೆಗಳ ವಾಚ್, ಅಂದರೆ ಪಾಳಿ. ಅದರಲ್ಲಿ ನಡುರಾತ್ರಿ 12ರಿಂದ 4ರದ್ದು ‘ಮಿಡಲ್ ವಾಚ್’, ಎಲ್ಲಕ್ಕಿಂತ ಕಷ್ಟದ್ದು. ಮಲಗುವ ಮುಂಚೆ ಕ್ಯಾಪ್ಟನ್ ‘ನೈಟ್ ಆರ್ಡರ್ ಬುಕ್’ ಬರೆಯುತ್ತಾನೆ. ಯಾವ ದಿಕ್ಕು, ಎಷ್ಟು ವೇಗ, ಯಾವ ದೀಪಸ್ತಂಭ ಎಷ್ಟು ಹೊತ್ತಿಗೆ ಕಾಣಬೇಕು, ಬೇರೆ ಹಡಗು ಎಷ್ಟು ಹತ್ತಿರ ಬರುವಂತಿದ್ದರೆ ತನ್ನನ್ನು ಎಬ್ಬಿಸಬೇಕು. ಉದಾಹರಣೆಗೆ 2 ನಾಟಿಕಲ್ ಮೈಲಿಗಿಂತ ಹತ್ತಿರ ಬರುವಂತಿದ್ದರೆ ಕರೆ ಅಂತ. ವಾಚ್ ಹೊರುವ ಪ್ರತಿ ಅಧಿಕಾರಿ ಅದನ್ನು ಓದಿ ಸಹಿ ಹಾಕಬೇಕು. ‘ಅನುಮಾನ ಬಂದರೆ ಎಬ್ಬಿಸು’ ಅನ್ನೋದು ಎಲ್ಲ ಕ್ಯಾಪ್ಟನ್‌ಗಳ ಸ್ಥಾಯಿ ಆದೇಶದಲ್ಲೂ ಇರುತ್ತದೆ. ಎಬ್ಬಿಸಿದವನ ಮೇಲೆ ಒಮ್ಮೆ ರೇಗಿದರೆ ಮುಗೀತು, ಮುಂದಿನ ಸಲ ಅವನು ಎಬ್ಬಿಸೋದಿಲ್ಲ. ಹಡಗು ಹೋಗಿ ಬಂಡೆಗೆ ಬಡಿಯೋದು ಹಾಗೆ.

ಕಾಲೇಜಿನಲ್ಲೂ ಇದೇ ತಾನೇ? ಕೆಟ್ಟ ಸುದ್ದಿ ತಂದವರನ್ನು ಗದರಿಸುವ ಪ್ರಿನ್ಸಿಪಾಲರ ತನಕ ಕೆಟ್ಟ ಸುದ್ದಿ ಬರೋದೇ ಇಲ್ಲ.

ಬೆಳವಲ ಮೇಷ್ಟ್ರು
ಹೋಲಿಕೆ ಛಲೋ ಐತಿ, ಆದ್ರ ಪೂರ್ತಿ ಹೊಂದಂಗಿಲ್ಲ. ಹಡಗಿನ್ಯಾಗ ಕ್ಯಾಪ್ಟನ್ ‘ಎಡಕ್ಕ 10 ಡಿಗ್ರಿ’ ಅಂದ್ರ ಚುಕ್ಕಾಣಿ ಹಿಡಿದಾವ ಅದನ್ನ ತಿರುಗಿ ಹೇಳಿ ಕೂಡಲೇ ತಿರುಗಿಸ್ತಾನ. ವಿದ್ಯಾಪೀಠದಾಗ ಒಂದು ಹೊಸಾ ವಿಷಯ ಸೇರಿಸಬೇಕಂದ್ರ ಬೋರ್ಡ್ ಆಫ್ ಸ್ಟಡೀಸ್, ಆಮ್ಯಾಲ ಅಕಾಡೆಮಿಕ್ ಕೌನ್ಸಿಲ್, ಆಮ್ಯಾಲ ಪದವಿ ಕೊಡೋ ವಿಶ್ವವಿದ್ಯಾಲಯದ ಒಪ್ಪಿಗಿ. ಒಂದು ಶೈಕ್ಷಣಿಕ ವರ್ಷ ಅದರಾಗ ಹೋಗತೈತಿ. ಎನ್‌ಡಿಎ ನಾಗರಿಕ ಅಧ್ಯಾಪಕರು ಯುಪಿಎಸ್‌ಸಿ ಮೂಲಕ ಬಂದವರು. ಅವರು ಕಮಾಂಡೆಂಟರಿಗಿಂತ ಮೊದಲೂ ಅಲ್ಲೇ ಇದ್ದರು, ಅವರು ಹೋದ ಮ್ಯಾಲೂ ಅಲ್ಲೇ ಇರತಾರ. ಅವರಿಗೆ ಹುಕುಂ ಕೊಟ್ಟ ಕೆಲಸ ಮಾಡಿಸಲಿಕ್ಕೆ ಆಗಂಗಿಲ್ಲ, ಮನವೊಲಿಸಬೇಕು.

ಮತ್ತ ಅವಧಿ ನೋಡ್ರಿ. ತ್ರಿಪಾಠಿಯವರು ಜೂನ್ 2019ಕ್ಕ ಬಂದ್ರು, ಜುಲೈ 2020ಕ್ಕ ದಿಲ್ಲಿಯೊಳಗ ನೌಕಾ ಕಾರ್ಯಾಚರಣೆಯ ಮಹಾನಿರ್ದೇಶಕರಾಗಿ ಹೋದ್ರು. ಅವರ ನಂತರ ವೈಸ್ ಅಡ್ಮಿರಲ್ ಹಂಪಿಹೊಳಿ, 2021ರ ಕೊನಿಗೆ ಅವರು ಕೊಚ್ಚಿಯ ದಕ್ಷಿಣ ಕಮಾಂಡಿನ ಮುಖ್ಯಸ್ಥರಾದ್ರು. ಆಮ್ಯಾಲ ವೈಸ್ ಅಡ್ಮಿರಲ್ ಪುನೀತ್ ಬಹಲ್. ಅಂದ್ರ 2019ರಾಗ ಸೇರಿದ ಬಿ.ಟೆಕ್ ಹುಡುಗ ನಾಲ್ಕು ವರ್ಷದಾಗ ಮೂರು ಕಮಾಂಡೆಂಟರನ್ನ ನೋಡಿದ. ಯಾವ ವಿಶ್ವವಿದ್ಯಾಲಯ ಹಿಂಗ ನಡೀತೈತಿ?

ಕುಡ್ಲದ ಕಡಲು
ಅವಧಿ ವಿಷಯದಲ್ಲಿ ಮೇಷ್ಟ್ರ ಮಾತು ನೂರಕ್ಕೆ ನೂರು ಸರಿ.

ದಿಕ್ಸೂಚಿ
ನಾನು ಒಪ್ಪೋದಿಲ್ಲ. ಅವಧಿ ಚಿಕ್ಕದಾದರೂ ಮಾಡುವವರು ಮಾಡುತ್ತಾರೆ. ಅಮೆರಿಕದ ನ್ಯೂಪೋರ್ಟ್‌ನ ನೇವಲ್ ವಾರ್ ಕಾಲೇಜಿನಲ್ಲಿ ಸ್ಟ್ಯಾನ್ಸ್‌ಫೀಲ್ಡ್ ಟರ್ನರ್ ಇದ್ದದ್ದು 1972ರಿಂದ 1974, ಎರಡೇ ವರ್ಷ. ಇಡೀ ಕಾಲೇಜನ್ನು ತಿರುವಿ ಹಾಕಿದರು.

ಇತಿಹಾಸ ಪ್ರಿಯೆ
ಟರ್ನರ್ ಹೆಸರು ಬಂತಲ್ಲ, ಅವರು ಏನು ಮಾಡಿದರು ಅನ್ನೋದನ್ನೂ ಹೇಳಬೇಕು. ಆಗ ಆ ಕಾಲೇಜು ಅತಿಥಿ ಉಪನ್ಯಾಸಗಳ ಮೇಲೆ ನಡೆಯುತ್ತಿತ್ತು. ಯಾರೋ ಬಂದು ಮಾತಾಡುವುದು, ಅಧಿಕಾರಿಗಳು ಕೂತು ಕೇಳುವುದು. ಟರ್ನರ್ ಅದನ್ನು ಕಡಿತ ಮಾಡಿ ವಾರಕ್ಕೆ ನೂರಾರು ಪುಟ ಓದಿಸಿದರು, ಪ್ರಬಂಧ ಬರೆಸಿದರು, ಪರೀಕ್ಷೆ ಇಟ್ಟರು, ನಾಗರಿಕ ಪ್ರೊಫೆಸರ್‌ಗಳನ್ನು ತಂದರು. ವಿಯೆಟ್ನಾಂ ಯುದ್ಧ ಇನ್ನೂ ಹಸಿಯಾಗಿದ್ದ ಹೊತ್ತಿನಲ್ಲಿ ಎರಡು ಸಾವಿರದ ನಾನೂರು ವರ್ಷ ಹಳೆಯ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್‌ನಿಂದ ಪಾಠ ಶುರು ಮಾಡಿಸಿದರು. ಸ್ವಂತ ಯುದ್ಧದ ಬಗ್ಗೆ ಬಿಸಿಯಾಗಿ ವಾದ ಮಾಡಲು ಆಗದಿದ್ದವರು ಅಥೆನ್ಸಿನ ಸಿಸಿಲಿ ದಂಡಯಾತ್ರೆಯ ಬಗ್ಗೆ ತಣ್ಣಗೆ ವಾದ ಮಾಡಬಹುದಿತ್ತು. ಆ ಚೌಕಟ್ಟು ಟರ್ನರ್ ಹೋದ ಮೇಲೂ ಉಳಿಯಿತು.

ಅದು ಎರಡು ವರ್ಷದಲ್ಲಿ ಸಾಧ್ಯವಾಗಲು ಕಾರಣವಿದೆ. ಟರ್ನರ್ ಆಕ್ಸ್‌ಫರ್ಡ್‌ನಲ್ಲಿ ರೋಡ್ಸ್ ಸ್ಕಾಲರ್ ಆಗಿದ್ದವರು, ಜೊತೆಗೆ ‘ಹಾರ್ನ್’ ಎಂಬ ಕ್ಷಿಪಣಿ ಯುದ್ಧನೌಕೆಯ ಕ್ಯಾಪ್ಟನ್ ಆಗಿದ್ದವರು. ಎರಡೂ ಕಡೆಯ ಭಾಷೆ ಬರುತ್ತಿತ್ತು. ಕುರ್ಚಿಯಲ್ಲಿ ಕೂತ ಮೇಲೆ ಕಲಿಯೋಣ ಅಂದಿದ್ದರೆ ಎರಡು ವರ್ಷ ಕಲಿಯುವುದರಲ್ಲೇ ಹೋಗುತ್ತಿತ್ತು.

ಮಲ್ಲೇಶ್ವರಂ 18ನೇ ಕ್ರಾಸ್
ಅಂದರೆ ಓದು ಮೊದಲೇ ಆಗಿರಬೇಕು, ಹಡಗು ಆಮೇಲೆ?

ಇತಿಹಾಸ ಪ್ರಿಯೆ
ಬಹುತೇಕ ಹಾಗೆಯೇ. ಅಡ್ಮಿರಲ್ ಜೇಮ್ಸ್ ಸ್ಟಾವ್ರಿಡಿಸ್ ಅವರ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. 1976ರಲ್ಲಿ ಅನ್ನಾಪೊಲಿಸ್‌ನ ಅಮೆರಿಕ ನೌಕಾ ಅಕಾಡೆಮಿಯಿಂದ ಹೊರಬಂದರು. 1984ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಫ್ಲೆಚರ್ ಸ್ಕೂಲಿನಿಂದ ಪಿಎಚ್‌ಡಿ. 1993ರಿಂದ 95 ‘ಬ್ಯಾರಿ’ ಡೆಸ್ಟ್ರಾಯರ್‌ನ ಕಮಾಂಡ್. ಆಮೇಲೆ ಡೆಸ್ಟ್ರಾಯರ್ ಸ್ಕ್ವಾಡ್ರನ್, ಆಮೇಲೆ ‘ಎಂಟರ್‌ಪ್ರೈಸ್’ ವಿಮಾನವಾಹಕ ನೌಕೆಯ ಸ್ಟ್ರೈಕ್ ಗ್ರೂಪ್. 2009ರಿಂದ 2013 ನ್ಯಾಟೋದ ಸರ್ವೋಚ್ಚ ಕಮಾಂಡರ್. ನಿವೃತ್ತಿಯಾದ 2013ರಲ್ಲೇ, ತಾವು ಪಿಎಚ್‌ಡಿ ಮಾಡಿದ ಅದೇ ಫ್ಲೆಚರ್ ಸ್ಕೂಲಿನ ಡೀನ್, 2018ರವರೆಗೆ. ಡೀನ್ ಆಗುವುದಕ್ಕೆ 29 ವರ್ಷ ಮೊದಲೇ ಅಲ್ಲಿನ ಗ್ರಂಥಾಲಯದಲ್ಲಿ ಕೂತವರು. ಪ್ರೊಫೆಸರ್‌ಗಳು ಅವರನ್ನು ಹೊರಗಿನವರು ಅಂತ ಕರೆಯುವಂತಿರಲಿಲ್ಲ.

ಒಹಾಯೊ ಕನ್ನಡತಿ
ಪಿಎಚ್‌ಡಿ ಇಲ್ಲದೆಯೂ ಆಗುತ್ತದೆ. ಇಲ್ಲಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ 2024ರ ಜನವರಿಯಲ್ಲಿ ಅಧ್ಯಕ್ಷರಾಗಿ ಬಂದ ಟೆಡ್ ಕಾರ್ಟರ್ ಅವರಿಗೆ ಡಾಕ್ಟರೇಟ್ ಇಲ್ಲ. ಯುದ್ಧವಿಮಾನದ ಹಿಂದಿನ ಸೀಟಿನ ನೇವಲ್ ಫ್ಲೈಟ್ ಆಫೀಸರ್. ವಿಮಾನವಾಹಕ ನೌಕೆಯ ಮೇಲೆ 2,016 ಸಲ ಇಳಿದಿದ್ದಾರೆ, ಅದು ಅಮೆರಿಕದ ದಾಖಲೆ. ಮೊದಲು ‘ಕ್ಯಾಮ್ಡೆನ್’ ಎಂಬ ಸರಬರಾಜು ಹಡಗು, ಆಮೇಲೆ ‘ಕಾರ್ಲ್ ವಿನ್ಸನ್’ ನಡೆಸಿದರು. ಸರಬರಾಜು ಹಡಗು ಯಾಕೆ ಅಂದರೆ, ವಿಮಾನವಾಹಕ ನೌಕೆಯ ಕ್ಯಾಪ್ಟನ್ ವಿಮಾನದವರೇ ಆಗಿರಬೇಕು ಅನ್ನೋದು ಇಲ್ಲಿನ ಕಾನೂನು. ಆದರೆ ಕಾಕ್‌ಪಿಟ್ಟಿನಿಂದ ನೇರ ಅಷ್ಟು ದೊಡ್ಡ ಹಡಗಿಗೆ ಕಳಿಸಿದರೆ ಗತಿ ಏನು? ಅದಕ್ಕೇ ಮೊದಲು ಆಳವಾಗಿ ಮುಳುಗಿ ತೇಲುವ ಬೇರೊಂದು ದೊಡ್ಡ ಹಡಗು ಕೊಟ್ಟು ಪಳಗಿಸುತ್ತಾರೆ.

ಶಿಕ್ಷಣದಲ್ಲೂ ಅವರು ಮೆಟ್ಟಿಲು ಹತ್ತಿದ್ದು ಹಾಗೆಯೇ. ನೇವಲ್ ವಾರ್ ಕಾಲೇಜಿನ ಅಧ್ಯಕ್ಷ, ಆಮೇಲೆ 2014ರಿಂದ 2019 ಅನ್ನಾಪೊಲಿಸ್ ಅಕಾಡೆಮಿಯ ಸೂಪರಿಂಟೆಂಡೆಂಟ್, ಪೂರಾ ಐದು ವರ್ಷ. ಅದಾದ ಮೇಲೆ 2020ರ ಜನವರಿಯಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯ ವ್ಯವಸ್ಥೆ. ಬಂದ ಎರಡು ತಿಂಗಳಿಗೆ ಕೋವಿಡ್. ಏಪ್ರಿಲ್‌ನಲ್ಲೇ, ವರ್ಷಕ್ಕೆ 60,000 ಡಾಲರ್‌ಗಿಂತ ಕಡಿಮೆ ಆದಾಯದ ನೆಬ್ರಾಸ್ಕಾ ಕುಟುಂಬಗಳ ಮಕ್ಕಳಿಗೆ ಟ್ಯೂಷನ್ ಶುಲ್ಕ ಇಲ್ಲ ಅಂತ ಘೋಷಿಸಿದರು. ಎಲ್ಲ ಕಡೆ ಅನಿಶ್ಚಯ ತುಂಬಿದ್ದ ಹೊತ್ತಿನಲ್ಲಿ ಹಿಂಜರಿಯದೆ ಬೇಗ ನಿರ್ಧಾರ ತಗೊಳ್ಳೋದು ಹಡಗಿನಿಂದಲೇ ಬಂದ ಗುಣ ಅಂತ ನನ್ನ ಅಭಿಪ್ರಾಯ.

ಸಹ್ಯಾದ್ರಿ
ಅಮೆರಿಕದ ಉದಾಹರಣೆ ಸಾಕು, ನಮ್ಮ ದೇಶದಲ್ಲಿ ಹೀಗೆ ನಿವೃತ್ತ ನೌಕಾಧಿಕಾರಿ ಸಾಮಾನ್ಯ ವಿಶ್ವವಿದ್ಯಾಲಯದ ಕುಲಪತಿ ಆಗಬಹುದಾ?

ಬೆಳವಲ ಮೇಷ್ಟ್ರು
@ಸಹ್ಯಾದ್ರಿ ಯುಜಿಸಿ 2018ರ ನಿಯಮ ಓದ್ರಿ ತಮ್ಮಾ. ಕುಲಪತಿ ಆಗಬೇಕಂದ್ರ ವಿಶ್ವವಿದ್ಯಾಲಯದಾಗ ಪ್ರೊಫೆಸರ್ ಆಗಿ 10 ವರ್ಷ, ಇಲ್ಲಾ ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯೊಳಗ 10 ವರ್ಷ ಅನುಭವ, ಜೊತಿಗೆ ಶೈಕ್ಷಣಿಕ ನಾಯಕತ್ವದ ಪುರಾವೆ. ಹಡಗು ನಡಸೋ ಎಕ್ಸಿಕ್ಯೂಟಿವ್ ಶಾಖೆ ಅಧಿಕಾರಿ ತರಬೇತಿ ಹುದ್ದೆಗಳನ್ನೆಲ್ಲಾ ಕೂಡಿಸಿದ್ರೂ 10 ವರ್ಷ ಆಗೂದು ಭಾಳ ಕಷ್ಟ. 2025ರ ಜನವರಿಯ ಕರಡಿನ್ಯಾಗ ಉದ್ಯಮ, ಸಾರ್ವಜನಿಕ ಆಡಳಿತದ ಹಿರಿಯರಿಗೂ ಬಾಗಿಲ ತೆರಿಯೋ ಮಾತಿತ್ತು, ಅದಕ್ಕ ಗದ್ದಲಾನೂ ಆತು. ವಯಸ್ಸೂ ನೋಡ್ರಿ. ರಿಯರ್ ಅಡ್ಮಿರಲ್ 58ಕ್ಕ ನಿವೃತ್ತಿ, ವೈಸ್ ಅಡ್ಮಿರಲ್ 60ಕ್ಕ. ಕೇಂದ್ರೀಯ ವಿಶ್ವವಿದ್ಯಾಲಯಗಳ ಜಾಹೀರಾತಿನ್ಯಾಗ 65 ದಾಟಿರಬಾರದು ಅಂತ ಇರತೈತಿ. ಅಂದ್ರ ಐದರಿಂದ ಏಳು ವರ್ಷದ ಕಿಟಕಿ ಅಷ್ಟ.

ಗಂಗಾವಳಿ
ಅದಕ್ಕೇ ನಮ್ಮಲ್ಲಿ ಹೆಚ್ಚಿನವರು ಚಿಂತನ ಸಂಸ್ಥೆಗಳ ಕಡೆ ಹೋಗುತ್ತಾರೆ. ವೈಸ್ ಅಡ್ಮಿರಲ್ ಪ್ರದೀಪ್ ಚೌಹಾಣ್ ವಿಮಾನವಾಹಕ ವಿರಾಟ್ ನಡೆಸಿದವರು, ಏಳಿಮಲದ ಕಮಾಂಡೆಂಟ್ ಆಗಿ 2013ರಲ್ಲಿ ನಿವೃತ್ತರಾದರು, ಮುಂದೆ ದಿಲ್ಲಿಯ ನ್ಯಾಷನಲ್ ಮ್ಯಾರಿಟೈಮ್ ಫೌಂಡೇಷನ್ನಿನ ಮಹಾನಿರ್ದೇಶಕರಾದರು. ಅಡ್ಮಿರಲ್ ಅರುಣ್ ಪ್ರಕಾಶ್ ಕೂಡ ವಿರಾಟ್ ಕ್ಯಾಪ್ಟನ್, ಎನ್‌ಡಿಎ ಕಮಾಂಡೆಂಟ್, 2004ರಿಂದ 2006 ಪಡೆಯ ಮುಖ್ಯಸ್ಥ, ನಂತರ ಅದೇ ಫೌಂಡೇಷನ್ನಿನ ಅಧ್ಯಕ್ಷ.

ತುಂಗೆಯ ತೀರ
ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಈಗ 25 ವರ್ಷದ ಲೆಫ್ಟಿನೆಂಟ್ ಒಬ್ಬ ಇದ್ದಾನೆ ಅಂತಿಟ್ಟುಕೊಳ್ಳಿ. ಅವನು ಏನು ಮಾಡಬೇಕು?

ಲಂಗರು
ಮೊದಲ ಕೆಲಸ, ಶಾಖೆ ನೋಡಿಕೊಳ್ಳೋದು. ಸಮುದ್ರದಲ್ಲಿ ಹಡಗಿನ ಕಮಾಂಡ್ ಸಿಗೋದು ಎಕ್ಸಿಕ್ಯೂಟಿವ್ ಶಾಖೆಯವರಿಗೆ ಮಾತ್ರ. ಇಂಜಿನಿಯರಿಂಗ್, ಎಲೆಕ್ಟ್ರಿಕಲ್, ಎಜುಕೇಷನ್ ಶಾಖೆಯವರಿಗೆ ಇಲ್ಲ. ಎಜುಕೇಷನ್ ಶಾಖೆಯವರು ಸೇವೆ ಪೂರ್ತಿ ಪಾಠ, ತರಬೇತಿಯಲ್ಲೇ ಇದ್ದರೂ ಏಳಿಮಲದ ಆ ದೊಡ್ಡ ಕುರ್ಚಿಗೆ ಬರೋದು ಹಡಗು ನಡೆಸಿದವರೇ. ಇದು ನ್ಯಾಯವೇ ಅನ್ನೋದು ಬೇರೆ ಚರ್ಚೆ.

ಇನ್ನು ಮೆಟ್ಟಿಲು ಹೀಗೆ. ಸಬ್ ಲೆಫ್ಟಿನೆಂಟ್ ಆಗಿದ್ದಾಗ ಬ್ರಿಡ್ಜ್ ವಾಚ್‌ಕೀಪಿಂಗ್ ಸರ್ಟಿಫಿಕೇಟ್. ಅದಿಲ್ಲದೆ ಒಬ್ಬನೇ ವಾಚ್ ಹೊರುವಂತಿಲ್ಲ. ಕೆಲವು ವರ್ಷದ ಮೇಲೆ ಕೊಚ್ಚಿಯಲ್ಲಿ ‘ಲಾಂಗ್ ಕೋರ್ಸ್’, ಸುಮಾರು ಒಂದು ವರ್ಷ. ಫಿರಂಗಿ ಮತ್ತು ಕ್ಷಿಪಣಿ, ಜಲಾಂತರ್ಗಾಮಿ ನಿರೋಧ, ಸಂವಹನ ಮತ್ತು ಎಲೆಕ್ಟ್ರಾನಿಕ್ ಯುದ್ಧ, ನೌಕಾಯಾನ ಮತ್ತು ನಿರ್ದೇಶನ, ಇವುಗಳಲ್ಲಿ ಒಂದು. ತ್ರಿಪಾಠಿಯವರದ್ದು ಸಂವಹನ. ನಂತರ ಸಣ್ಣ ಹಡಗಿನ ಕಮಾಂಡ್. ಅಲ್ಲಿಂದ ತಮಿಳುನಾಡಿನ ವೆಲ್ಲಿಂಗ್ಟನ್‌ನ ಸ್ಟಾಫ್ ಕಾಲೇಜು, ಅದಕ್ಕೆ ಪರೀಕ್ಷೆ ಇದೆ. ಅಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಎಂ.ಎಸ್ಸಿ ಸಿಗುತ್ತದೆ. ಮುಂದೆ ನೇವಲ್ ಹೈಯರ್ ಕಮಾಂಡ್ ಕೋರ್ಸ್, ಮೊದಲು ಮುಂಬೈನ ಕರಂಜಾದಲ್ಲಿ ನಡೆಯುತ್ತಿತ್ತು, 2011ರಿಂದ ಗೋವಾದಲ್ಲಿ.

ಈಗ ಮುಖ್ಯವಾದದ್ದು. ಎರಡು ಹಡಗುಗಳ ನಡುವೆ ಸಿಗುವ ನೆಲದ ಹುದ್ದೆಗೆ ಬಹಳ ಜನ ದಿಲ್ಲಿಯ ಕೇಂದ್ರ ಕಚೇರಿ ಬಯಸುತ್ತಾರೆ. ಶಿಕ್ಷಣದ ಕಡೆ ಮನಸ್ಸಿರುವವನು ಅಲ್ಲಿ ಒಂದು ಸಲವಾದರೂ ಎನ್‌ಡಿಎ ಅಥವಾ ಏಳಿಮಲದಲ್ಲಿ ಡಿವಿಷನಲ್ ಆಫೀಸರ್, ಅಂದರೆ ಒಂದು ಗುಂಪು ಕೆಡೆಟ್‌ಗಳ ಹೊಣೆ ಹೊತ್ತವನು, ಆಗಬೇಕು, ಮುಂದೆ ವೆಲ್ಲಿಂಗ್ಟನ್‌ನಲ್ಲಿ ಡಿಎಸ್, ಅಂದರೆ ಡೈರೆಕ್ಟಿಂಗ್ ಸ್ಟಾಫ್, ಆಗಬೇಕು. ಡಿಎಸ್ ವೇದಿಕೆ ಮೇಲೆ ನಿಂತು ಭಾಷಣ ಮಾಡೋದಿಲ್ಲ. ಸಣ್ಣ ಗುಂಪಿನ ಜೊತೆ ಮೇಜಿನ ಸುತ್ತ ಕೂರುತ್ತಾನೆ, ಅವರಿಂದ ಉತ್ತರ ಹೊರಡಿಸುತ್ತಾನೆ, ಬರಹ ತಿದ್ದುತ್ತಾನೆ. ತಾನು ಸುಮ್ಮನಿದ್ದು ಬೇರೆಯವರಿಂದ ಯೋಚನೆ ಮಾಡಿಸೋದನ್ನು ಹಡಗಿನವನು ಕಲಿಯುವ ಜಾಗ ಅದೊಂದೇ. ಪಿಎಚ್‌ಡಿ ಮಾಡೋದಿದ್ದರೆ ನೋಂದಣಿ ಕಮಾಂಡರ್ ದರ್ಜೆಯಲ್ಲಿರುವಾಗಲೇ ಆಗಲಿ. ಕ್ಯಾಪ್ಟನ್ ದರ್ಜೆಗೆ ಏರಿದಮೇಲೆ ಫ್ರಿಗೇಟ್ ಸಿಕ್ಕರೆ ಎರಡು ವರ್ಷ ಒಂದು ಅಧ್ಯಾಯವೂ ಮುಂದೆ ಹೋಗೋದಿಲ್ಲ.

ದಿಕ್ಸೂಚಿ
@ಲಂಗರು ಅದ್ಭುತ. ಹಡಗಿನ ಗಾತ್ರ ಹೇಗೆ ಏರುತ್ತೆ ಅನ್ನೋದನ್ನೂ ಸೇರಿಸಿ ಓದಿ. ವಿನಾಶ್ ಸುಮಾರು 56 ಮೀಟರ್ ಉದ್ದ, 500 ಟನ್ನಿನ ಒಳಗೆ. ಕಿರ್ಚ್ ಸುಮಾರು 91 ಮೀಟರ್. ತ್ರಿಶೂಲ್ ಹತ್ತಿರ ಹತ್ತಿರ 125 ಮೀಟರ್, 4,000 ಟನ್, ಸುಮಾರು 180 ಜನ. ಸಣ್ಣ ದೋಣಿಯಲ್ಲಿ ಕ್ಯಾಪ್ಟನ್‌ಗೆ ಪ್ರತಿಯೊಬ್ಬನ ಹೆಸರು, ಊರು, ಮನೆ ಸಂಕಟ ಗೊತ್ತಿರುತ್ತದೆ. ಫ್ರಿಗೇಟ್‌ನಲ್ಲಿ ಇಲಾಖೆ ಮುಖ್ಯಸ್ಥರ ಮೂಲಕ ನಡೆಸಬೇಕು, ಗನ್ನರಿ ಆಫೀಸರ್, ಇಂಜಿನಿಯರ್, ಎಲೆಕ್ಟ್ರಿಕಲ್, ಲಾಜಿಸ್ಟಿಕ್ಸ್. ಕಾಲೇಜಿನ ಡೀನ್‌ಗಳ ಜೊತೆ ಕೆಲಸ ಮಾಡೋದಕ್ಕೆ ಅದೇ ತಾಲೀಮು.

ಕಾಳಿ ನದಿ
ಸಣ್ಣ ದೋಣಿ ಅಂದರೆ ಎಷ್ಟು ಸಣ್ಣದು ನೋಡಬೇಕಾ? ಕಾರವಾರದ ಟಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ಹಳೆಯ ಕ್ಷಿಪಣಿ ದೋಣಿ ಇಟ್ಟಿದ್ದಾರೆ. 39 ಮೀಟರ್ ಕೂಡ ಇಲ್ಲ. ಒಳಗೆ ತಲೆ ಬಗ್ಗಿಸಿ ಹೋಗಬೇಕು, ಬಾಗಿಲ ಅಂಚು ಮೊಣಕಾಲೆತ್ತರ, ಬ್ರಿಡ್ಜ್‌ನಲ್ಲಿ ನಾಲ್ಕೈದು ಜನ ನಿಂತರೆ ತೋಳಿಗೆ ತೋಳು ತಾಗುತ್ತದೆ. ಇಕ್ಕೆಲದಲ್ಲಿ ನಾಲ್ಕು ಕ್ಷಿಪಣಿಗಳ ದೊಡ್ಡ ಗೂಡುಗಳು. ಅಷ್ಟು ಇಕ್ಕಟ್ಟಿನಲ್ಲಿ ಮೂವತ್ತರ ಆಸುಪಾಸಿನ ಅಧಿಕಾರಿ ಕ್ಯಾಪ್ಟನ್ ಆಗಿರುತ್ತಿದ್ದ. 1971ರಲ್ಲಿ ಕರಾಚಿ ಸುಟ್ಟ ದೋಣಿ ಅದು.

ಗಂಗಾವಳಿ
@ಕಾಳಿ ನದಿ ಚಪಲ್ ಕರಾಚಿಗೆ ಹೋಗಿಲ್ಲ. ಅದು ನಮ್ಮ ನೌಕಾಪಡೆಗೆ ಸೇರಿದ್ದೇ 1976ರಲ್ಲಿ, ಓಸಾ ಮಾದರಿಯ ಕ್ಷಿಪಣಿ ದೋಣಿಗಳ ಎರಡನೇ ಕಂತು. 1971ರ ಡಿಸೆಂಬರ್ 4ರ ದಾಳಿಯಲ್ಲಿ ಇದ್ದದ್ದು ನಿಪಾತ್, ನಿರ್ಘಾತ್, ವೀರ್. ಡಿಸೆಂಬರ್ 8ರ ರಾತ್ರಿಯ ಎರಡನೇ ದಾಳಿಯಲ್ಲಿ ಹಳೆಯ ವಿನಾಶ್, ಜೊತೆಗೆ ತಲ್ವಾರ್ ಮತ್ತು ತ್ರಿಶೂಲ್ ಫ್ರಿಗೇಟ್‌ಗಳು. ಹಡಗು ಹಳೆಯದಾಗಿ ಹೋದ ಮೇಲೆ ಹೆಸರನ್ನು ಹೊಸದಕ್ಕೆ ಇಡುವುದು ನೌಕಾಪಡೆಯ ಸಂಪ್ರದಾಯ. ಹಾಗಾಗಿ ಆ ರಾತ್ರಿಯ ಮೂರು ಹೆಸರುಗಳಲ್ಲಿ ಎರಡು, ವಿನಾಶ್ ಮತ್ತು ತ್ರಿಶೂಲ್, ತ್ರಿಪಾಠಿಯವರ ಕಮಾಂಡ್ ಪಟ್ಟಿಯಲ್ಲಿವೆ.

ಕಾಳಿ ನದಿ
ತಿದ್ದಿದ್ದಕ್ಕೆ ಧನ್ಯವಾದ. ಅಲ್ಲಿ ನೋಡಿದವರೆಲ್ಲ ಹಾಗೇ ಅಂದುಕೊಂಡಿದ್ದಾರೆ.

ಕೊಡಗು ಕಾನನ
ಇನ್ನೊಂದು ಕೊಂಡಿ. ತ್ರಿಪಾಠಿಯವರಿಗೆ ವೆಲ್ಲಿಂಗ್ಟನ್‌ನಲ್ಲಿ ಬಂದ ಪದಕದ ಹೆಸರು ತಿಮ್ಮಯ್ಯ ಪದಕ. ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಹೆಸರಿನದು.

ಕುಡ್ಲದ ಕಡಲು
ಸಣ್ಣ ಸಂಶಯ, ಏಳಿಮಲ ಸರಿಯೋ ಎಜಿಮಲ ಸರಿಯೋ? ಪೇಪರಿನಲ್ಲಿ ಎರಡೂ ನೋಡಿದ್ದೇನೆ.

ಹಳಗನ್ನಡ ಪ್ರಿಯ
ಏಳಿಮಲ. ಇಂಗ್ಲಿಷಿನ ಕಾಗುಣಿತ ನೋಡಿ ಬರೆದದ್ದು ‘ಎಜಿಮಲ’. ಮಲಯಾಳದಲ್ಲಿ ಇರುವುದು ನಮ್ಮ ಹಳಗನ್ನಡದ ೞ ಅಕ್ಷರದ ಧ್ವನಿ, ಏೞಿಮಲ. ‘ಏಳು’ ಅನ್ನುವ ಸಂಖ್ಯೆ ಹಳಗನ್ನಡದಲ್ಲಿ ‘ಏೞ್’. ನಮ್ಮಲ್ಲಿ ೞ ಹೋಗಿ ಳ ಬಂತು, ಅವರು ಉಳಿಸಿಕೊಂಡರು. ಏಳು ಬೆಟ್ಟ ಅಂತಲೇ ಅರ್ಥ ಹೇಳುತ್ತಾರೆ. ಹಾಗಾಗಿ ಕನ್ನಡದಲ್ಲಿ ಏಳಿಮಲ ಅನ್ನುವುದು ಸಹಜ.

ನಿರ್ವಾಹಕ
ಅಕ್ಷರದ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಚೆನ್ನಾಗಿದೆ, ಆದರೆ ಇಲ್ಲಿ ವಿಷಯ ಬೇರೆ.

ಇತಿಹಾಸ ಪ್ರಿಯೆ
ಮೂಲ ಪ್ರಶ್ನೆಗೆ ಬರುತ್ತೇನೆ. ‘ಒಳ್ಳೆಯ ಕ್ಯಾಪ್ಟನ್ ಅಂದರೆ ಒಳ್ಳೆಯ ಶಿಕ್ಷಣ ಮುಖ್ಯಸ್ಥ’ ಅಂತ ದಿಕ್ಸೂಚಿಯವರು ಸೂಚಿಸುತ್ತಿದ್ದಾರೆ. ಇದಕ್ಕೆ ಎದುರು ಸಾಕ್ಷಿ ಅಮೆರಿಕದ ನೌಕಾಧಿಕಾರಿ, ಚಿಂತಕ ಆಲ್ಫ್ರೆಡ್ ಮಹಾನ್. 1884ರಲ್ಲಿ ಸ್ಟೀಫನ್ ಲ್ಯೂಸ್ ನ್ಯೂಪೋರ್ಟ್‌ನಲ್ಲಿ ಬಡವರ ಆಶ್ರಮವಾಗಿದ್ದ ಹಳೆಯ ಕಟ್ಟಡದಲ್ಲಿ ನೇವಲ್ ವಾರ್ ಕಾಲೇಜು ಶುರು ಮಾಡಿದರು. ಪಾಠ ಮಾಡಲು ಮಹಾನ್‌ರನ್ನು ಕರೆದರು. ಆಗ ಮಹಾನ್ ಪೆರು ತೀರದಲ್ಲಿ ‘ವಾಚುಸೆಟ್’ ಹಡಗಿನ ಕ್ಯಾಪ್ಟನ್. ಲಿಮಾದ ಇಂಗ್ಲಿಷ್ ಕ್ಲಬ್ಬಿನ ಗ್ರಂಥಾಲಯದಲ್ಲಿ ರೋಮ್ ಇತಿಹಾಸ ಓದುವಾಗ ಅವರಿಗೆ ಸಮುದ್ರಬಲದ ಯೋಚನೆ ಹೊಳೆಯಿತು. ಹ್ಯಾನಿಬಲ್ ಆಲ್ಪ್ಸ್ ದಾಟುವ ಬದಲು ಸಮುದ್ರದಲ್ಲಿ ಬಂದಿದ್ದರೆ ಏನಾಗುತ್ತಿತ್ತು ಅನ್ನುವ ಪ್ರಶ್ನೆ. 1886ರಲ್ಲಿ ಕಾಲೇಜಿನ ಅಧ್ಯಕ್ಷರಾದರು. ಅಲ್ಲಿನ ಉಪನ್ಯಾಸಗಳು 1890ರಲ್ಲಿ ಪುಸ್ತಕವಾಗಿ ಬಂದು ಲಂಡನ್, ಬರ್ಲಿನ್, ಟೋಕಿಯೋದ ನೌಕಾ ನೀತಿಯನ್ನೇ ಅಲುಗಾಡಿಸಿದವು.

ಅದೇ ಮಹಾನ್ ಹಡಗು ನಡೆಸುವುದರಲ್ಲಿ ಕಚ್ಚಾ. ಅವರ ಕೈಯಲ್ಲಿದ್ದ ಹಡಗುಗಳು ಹಲವು ಸಲ ಡಿಕ್ಕಿ ಹೊಡೆದಿವೆ. ಸಮುದ್ರಕ್ಕೆ ಹೋಗುವುದೇ ಅವರಿಗೆ ಬೇಡವಾಗಿತ್ತು. 1893ರಲ್ಲಿ, ಪುಸ್ತಕ ಬರೆಯುವುದು ನೌಕಾಧಿಕಾರಿಯ ಕೆಲಸವಲ್ಲ ಅನ್ನುವ ಧೋರಣೆಯ ಮೇಲಧಿಕಾರಿ ಅವರನ್ನು ‘ಚಿಕಾಗೋ’ ಹಡಗಿಗೆ ಅಟ್ಟಿದರು. ಆ ಹಡಗು ಇಂಗ್ಲೆಂಡ್ ಮುಟ್ಟಿದಾಗ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೂ ಗೌರವ ಪದವಿ ಕೊಟ್ಟವು.

ದಿಕ್ಸೂಚಿ
ಮಹಾನ್ ವಿದ್ವಾಂಸರು, ಒಪ್ಪಿದೆ. ಆದರೆ ವಿದ್ವತ್ತು ಬೇರೆ, ಸಂಸ್ಥೆ ನಡೆಸೋದು ಬೇರೆ. ಕಾಲೇಜು ಕಟ್ಟಿದ್ದು ಲ್ಯೂಸ್, ಅವರು ಪಕ್ಕಾ ಸಮುದ್ರದವರು. ನೌಕಾಪಡೆಯೊಳಗೆ ಆ ಕಾಲೇಜೇ ಬೇಡ ಅನ್ನುವವರು ತುಂಬಾ ಇದ್ದರು. ಒಳ್ಳೆಯ ನಾವಿಕ ಅನ್ನುವ ಹೆಸರು ಲ್ಯೂಸ್‌ಗೆ ಇರದಿದ್ದರೆ ಅದು ಮೊದಲ ವರ್ಷದಲ್ಲೇ ಮುಚ್ಚಿಹೋಗುತ್ತಿತ್ತು. ಸಮುದ್ರದ ಕಮಾಂಡ್ ಇರೋದು ಪಾಠ ಮಾಡೋದಕ್ಕಲ್ಲ, ‘ಇವನು ನಮ್ಮವನು’ ಅಂತ ಪಡೆ ನಂಬೋದಕ್ಕೆ.

ಇತಿಹಾಸ ಪ್ರಿಯೆ
ಇದನ್ನು ಒಪ್ಪುತ್ತೇನೆ. ಆದರೆ ಆ ನಂಬಿಕೆ ಪಡೆಯ ಹೊರಗೆ ನಡೆಯುವುದಿಲ್ಲ. ಜೇಮ್ಸ್ ಸ್ಟಾಕ್‌ಡೇಲ್ ವಿಯೆಟ್ನಾಂನಲ್ಲಿ ಏಳು ವರ್ಷಕ್ಕೂ ಮೇಲೆ ಯುದ್ಧಕೈದಿ, ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಪಡೆದವರು. 1977ರಿಂದ 79 ನೇವಲ್ ವಾರ್ ಕಾಲೇಜಿನ ಅಧ್ಯಕ್ಷರಾಗಿ ತತ್ವಶಾಸ್ತ್ರದ ಪಾಠ ತಂದು ಯಶಸ್ವಿಯಾದರು. ಆಮೇಲೆ ದಕ್ಷಿಣ ಕೆರೊಲಿನಾದ ‘ಸಿಟಡೆಲ್’ ಕಾಲೇಜಿಗೆ ಅಧ್ಯಕ್ಷ. ಹೊಸ ಕೆಡೆಟ್‌ಗಳಿಗೆ ಸೀನಿಯರ್‌ಗಳು ಕೊಡುವ ಹಿಂಸೆಯನ್ನು ತಡೆಯಲು ಹೊರಟರು, ಆಡಳಿತ ಮಂಡಳಿ ಜೊತೆಗೆ ನಿಲ್ಲಲಿಲ್ಲ. ಒಂದೇ ವರ್ಷಕ್ಕೆ ರಾಜೀನಾಮೆ. ಅಂಥ ಧೈರ್ಯವಂತರಿಗೇ ಮಂಡಳಿಯನ್ನು ದಾಟಲು ಆಗಲಿಲ್ಲ.

ಲಂಗರು
ಸ್ಟಾಕ್‌ಡೇಲ್ ಏರ್ ವಿಂಗ್ ಕಮಾಂಡರ್, ಹಡಗಿನ ಕ್ಯಾಪ್ಟನ್ ಅಲ್ಲ, ಅಷ್ಟು ತಿದ್ದುಪಡಿ. ಉಳಿದದ್ದೆಲ್ಲ ಸರಿ. ಗಂಗಾವಳಿಯವರು ಹೇಳಿದ ರಗಡಾ ವಿಷಯಕ್ಕೇ ಇದು ಬಂದು ನಿಂತಿತು ನೋಡಿ. ಅಲ್ಲಿ ಮಂಡಳಿ ತಡೆಯಿತು. ನಮ್ಮಲ್ಲಿ ಕಮಾಂಡೆಂಟರಿಗೆ ಅಂಥ ಮಂಡಳಿ ಇಲ್ಲ, ಅಧಿಕಾರ ಪೂರ್ತಿ ಅವರದ್ದೇ. ಆದರೆ ಒಂದು ವರ್ಷದಲ್ಲಿ ಎದ್ದು ಹೋದರೆ ಹಳೆ ಚಾಳಿ ಮುಂದಿನ ಟರ್ಮ್‌ಗೆ ವಾಪಸ್ ಬರುತ್ತದೆ. ಕನಿಷ್ಠ ಎರಡೂವರೆ ವರ್ಷ ಕೊಡಬೇಕು, ಅಂದರೆ ಐದು ಟರ್ಮ್. ಅಷ್ಟು ಹೊತ್ತಿಗೆ ಹಳೆ ಚಾಳಿ ಕಂಡ ಸೀನಿಯರ್‌ಗಳಲ್ಲಿ ಬಹುಪಾಲು ಹೊರಗೆ ಹೋಗಿರುತ್ತಾರೆ.

ಬೆಳವಲ ಮೇಷ್ಟ್ರು
ಈ ಲೆಕ್ಕ ನನಗ ಹಿಡಿಸ್ತು. ಐದು ಟರ್ಮ್.

ಮಲ್ಲೇಶ್ವರಂ 18ನೇ ಕ್ರಾಸ್
ಎನ್‌ಡಿಎಗೆ 2022ರಲ್ಲಿ ಹುಡುಗಿಯರು ಸೇರಿದರಲ್ಲ, 2025ರ ಮೇ 30ಕ್ಕೆ ಮೊದಲ 17 ಜನ ಹೊರಬಂದರು. ಅವರು ಹೊರಬರುವ ಹೊತ್ತಿಗೆ ಕಮಾಂಡೆಂಟ್ ನೌಕಾಪಡೆಯ ವೈಸ್ ಅಡ್ಮಿರಲ್ ಗುರ್‌ಚರಣ್ ಸಿಂಗ್. ಆ ಮೂರು ವರ್ಷದಲ್ಲಿ ಹಾಸ್ಟೆಲ್, ವೈದ್ಯಕೀಯ, ದೈಹಿಕ ಪರೀಕ್ಷೆಯ ಮಾನದಂಡ, ಎಲ್ಲ ಹೊಸದಾಗಿ ಕೂರಿಸಬೇಕಾಯಿತು. ಕಮಾಂಡೆಂಟರು ಬದಲಾದರೂ ಕೆಲಸ ನಿಲ್ಲಲಿಲ್ಲ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊಡಗು ಕಾನನ
ಎಲ್ಲರೂ ಅಡ್ಮಿರಲ್‌ಗಳ ಮಾತೇ ಆಡುತ್ತಿದ್ದೀರಿ. ಹೆಚ್ಚಿನ ಅಧಿಕಾರಿಗಳು ಅಲ್ಲಿಗೆ ತಲುಪುವುದೇ ಇಲ್ಲ. ಕ್ಯಾಪ್ಟನ್ ದರ್ಜೆಯಲ್ಲೇ ಶಿಕ್ಷಣ ಸಂಸ್ಥೆ ನಡೆಸುವ ಅವಕಾಶ ಸೈನಿಕ ಶಾಲೆಗಳಲ್ಲಿದೆ. ನಮ್ಮ ರಾಜ್ಯದಲ್ಲಿ ವಿಜಯಪುರ, 1963ರದು, ಮತ್ತು ಕುಶಾಲನಗರ ಹತ್ತಿರದ ಕೂಡಿಗೆ, 2007ರದು. ಪ್ರಿನ್ಸಿಪಾಲರು ಭೂಸೇನೆಯ ಕರ್ನಲ್, ನೌಕಾಪಡೆಯ ಕ್ಯಾಪ್ಟನ್ ಅಥವಾ ವಾಯುಪಡೆಯ ಗ್ರೂಪ್ ಕ್ಯಾಪ್ಟನ್. ಸಿಬಿಎಸ್‌ಇ ಪಠ್ಯ, ನಾಗರಿಕ ಶಿಕ್ಷಕರು, ಆರನೇ ಮತ್ತು ಒಂಬತ್ತನೇ ತರಗತಿಗೆ ಪ್ರವೇಶ ಪರೀಕ್ಷೆ. ಮೇಷ್ಟ್ರು ಹೇಳಿದ ‘ಮನವೊಲಿಸುವ’ ಕೆಲಸ ಪೂರ್ತಿಯಾಗಿ ಇಲ್ಲಿ ಕಲಿಯಬಹುದು. ಜೊತೆಗೆ ಪೋಷಕರು ಇರುತ್ತಾರೆ, ಅವರು ಅಕಾಡೆಮಿಯಲ್ಲಿ ಇರೋದಿಲ್ಲ.

ತುಂಗೆಯ ತೀರ
@ಕೊಡಗು ಕಾನನ ಸೈನಿಕ ಶಾಲೆಗೆ ಹೋದ ಕ್ಯಾಪ್ಟನ್‌ಗೆ ವಾಪಸ್ ಹಡಗು ಸಿಗುತ್ತಾ?

ಲಂಗರು
@ತುಂಗೆಯ ತೀರ ಸಿಗೋದು ವಿರಳ. ಕ್ಯಾಪ್ಟನ್ ದರ್ಜೆಯ ಸಮುದ್ರ ಕಮಾಂಡ್ ಮುಗಿಸಿದವರು ಅಥವಾ ಆ ಸರದಿ ದಾಟಿದವರು ಹೋಗುವ ಹುದ್ದೆ ಅದು. ರಿಯರ್ ಅಡ್ಮಿರಲ್ ಮಂಡಳಿಗೆ ಫ್ರಿಗೇಟ್ ಅಥವಾ ಡೆಸ್ಟ್ರಾಯರ್ ಕಮಾಂಡಿನ ವರದಿ ಬೇಕು, ಶಾಲೆಯ ಹತ್ತನೇ ತರಗತಿ ಫಲಿತಾಂಶ ಅಲ್ಲಿ ತೂಗೋದಿಲ್ಲ. ಆದ್ದರಿಂದ 25 ವರ್ಷದ ಆ ಲೆಫ್ಟಿನೆಂಟ್ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಏಳಿಮಲದ ಕುರ್ಚಿ ಬೇಕಾದರೆ ಹಡಗು ಬಿಡಬಾರದು. ಮಕ್ಕಳ ಜೊತೆ ಕೆಲಸ ಬೇಕಾದರೆ ಕೂಡಿಗೆ ಸಾಕು, ಅದಕ್ಕೆ ವೈಸ್ ಅಡ್ಮಿರಲ್‌ನ ಮೂರು ನಕ್ಷತ್ರ ಬೇಡ.

ಕೊಡಗು ಕಾನನ
ಹುದ್ದೆ ನೇರ ಅರ್ಜಿಯಿಂದ ಸಿಗೋದಿಲ್ಲ ಅನ್ನೋದನ್ನೂ ಸೇರಿಸಿ. ನೌಕಾ ಕೇಂದ್ರ ಕಚೇರಿ ಹೆಸರು ಕಳಿಸಬೇಕು, ರಕ್ಷಣಾ ಸಚಿವಾಲಯದ ಅಡಿಯ ಸೈನಿಕ ಶಾಲಾ ಸೊಸೈಟಿ ಆಯ್ಕೆ ಮಾಡಬೇಕು. ಡಿವಿಷನಲ್ ಆಫೀಸರ್ ಅಥವಾ ಡಿಎಸ್ ಆಗಿದ್ದ ದಾಖಲೆ ಇದ್ದರೆ ಅಲ್ಲಿ ಕೆಲಸಕ್ಕೆ ಬರುತ್ತದೆ.